ಕೈಗೆ ನೀರು ಹಾಕಿದವರು

ಗಾಳಿ, ದೆವ್ವ, ಭಾನಾಮತಿ ಇಂಥವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಓದುವವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ನಂಬಿದ್ದು ಕುದಿಸಿದ ನೀರನ್ನು, ಕೆಂಪು ಕಾರ್ಬಾಲಿಕ್ ಸಾಬೂನನ್ನು, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿದ ಬಟ್ಟೆಯನ್ನು. ಘಟಪ್ರಭಾದ ಹತ್ತಿರದ ಆಸ್ಪತ್ರೆಯೊಂದರಲ್ಲಿ ನಾನು ದಾದಿಯ ಕೆಲಸ ಕಲಿಯುತ್ತಿದ್ದಾಗ ಅಲ್ಲಿಯ ಆಯಾಗಳು ವಾರ್ಡಿನ ಕೊನೆಯ ಮಂಚದ ಬಗ್ಗೆ ಏನೇನೋ ಹೇಳುತ್ತಿದ್ದರು. ನಾನು ಅದೇ ಮಂಚದ ಮೇಲೆ ಕುಳಿತು ಬ್ಯಾಂಡೇಜು ಸುತ್ತುತ್ತಿದ್ದೆ. "ಇಕಿಗಿ ಎದಿ ಐತೋ, ಕಲ್ಲ ಐತೋ" ಎಂದು ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಇಂಥ ಅನುಭವಗಳು ರಾತ್ರಿಯ ಹೊತ್ತಿನಲ್ಲೇ ಆಗುತ್ತವೆ ಎಂದು ಕೇಳಿದ್ದೇನೆ. ನನಗಾದದ್ದು ಹಾಡುಹಗಲು, ಕಣ್ಣು ಕುಕ್ಕುವ ಬಿಸಿಲಿನಲ್ಲಿ. ಆದ್ದರಿಂದ ನಿದ್ದೆಗಣ್ಣು, ಕತ್ತಲೆ, ದೀಪದ ನೆರಳು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುವ ದಾರಿಯೂ ಉಳಿದಿಲ್ಲ.

ನಮ್ಮ ಜಿಲ್ಲೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಬೆಲ್ಲದ ಬಾಗೇವಾಡಿಯಿಂದ ಮಲ್ಲಪ್ಪ ಎಂಬ ಕಬ್ಬಿನ ರೈತರೊಬ್ಬರು ಆಸ್ಪತ್ರೆಗೆ ಬಂದರು. ಅವರ ತಾಯಿ ಚನ್ನವ್ವನಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋಗಿದ್ದವು. ಮಲಗಿದಲ್ಲೇ ಮಲಗಿ ಬಲ ಸೊಂಟದ ಮೇಲೆ ಹಾಸಿಗೆ ಹುಣ್ಣಾಗಿತ್ತು. ಆಸ್ಪತ್ರೆಗೆ ಕರೆತನ್ನಿ ಎಂದು ಡಾಕ್ಟರು ಹೇಳಿದರೆ, ಯಾರು ಯಾರೋ ಸತ್ತ ಮಂಚದ ಮೇಲೆ ತಾನು ಮಲಗುವುದಿಲ್ಲ ಎಂದು ಮುದುಕಿಯ ಹಟ. ಮನೆಯಲ್ಲಿ ಇರುವ ಹೆಂಗಸು ಸೊಸೆ ಶಾಂತವ್ವ ಒಬ್ಬಳೇ, ಅವಳೂ ಬಸುರಿ. ಹೀಗಾಗಿ ಡಾಕ್ಟರು ನನ್ನನ್ನು ಕಳಿಸಿದರು. ಆರೈಕೆಯೂ ಆದೀತು, ಹೊತ್ತು ಬಂದರೆ ಹೆರಿಗೆಯೂ ಆದೀತು ಎಂದು.

ದಾರಿಯಲ್ಲಿ ಮಲ್ಲಪ್ಪನವರು ನನ್ನ ಊರು ಕೇಳಿದರು. ಅಂಕಲಗಿ ಎಂದೆ. ಯಾರ ಪೈಕಿ ಎಂದರು. ಊರ ಹೊರಗಿನ ಕೇರಿ ಎಂದೆ. ಅವರು ಕುತ್ತಿಗೆ ಕೆರೆದುಕೊಂಡು, "ಬಾಯಾರ, ನಾವೇನ್ ಅಂಥಾದ್ದು ನೋಡೂ ಮಂದಿ ಅಲ್ಲ. ಆದ್ರ ಆಯಿ ಹಳೇ ಕಾಲದಾಕಿ. ಅಡಗಿ ಮನಿ ಒಂದ ಬಿಟ್ಟ ಎಲ್ಲಾ ಕಡೆ ಅಡ್ಡ್ಯಾಡ್ರಿ" ಎಂದರು. ಒಳ್ಳೆಯ ಮನುಷ್ಯ. ಹೇಳಲು ಅವರಿಗೇ ನಾಚಿಕೆಯಾಗಿತ್ತು.

ಬಾಯಿ, ಬಾಯಾರ ಎಂದರೆ ನಮ್ಮ ಕಡೆ ದಾದಿಯಂಥ ಹೆಂಗಸರನ್ನು ಕರೆಯುವ ಮಾತು; ಆಯಿ ಎಂದರೆ ಅಜ್ಜಿ. ಮನೆಯವರೆಲ್ಲ ಚನ್ನವ್ವನನ್ನು ಹಾಗೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅವಳ ಕೋಣೆ ಹಿತ್ತಲಿಗೆ ಹತ್ತಿಕೊಂಡಿತ್ತು. ಕೋಣೆಯ ಬಾಗಿಲು ತೆರೆದರೆ ಎದುರಿಗೇ ಕೈಕಾಲು ತೊಳೆಯುವ ಕಲ್ಲು, ಕಲ್ಲಿನ ಪಕ್ಕದಲ್ಲಿ ಒಲೆ, ಒಲೆಯ ಮೇಲೆ ನೀರಿನ ಹಂಡೆ. ಮೋಟುಗೋಡೆಯ ಆಚೆ ಅವರದೇ ಹೊಲ, ಹೊಲದ ಬದುವಿನ ಮೇಲೊಂದು ಬೇವಿನ ಗಿಡ. ಅಡಿಗೆಮನೆ ಇದ್ದದ್ದು ಪಡಸಾಲೆಯ ಇನ್ನೊಂದು ತುದಿಗೆ.

ಹೋದ ದಿನವೇ ನನಗೆ ಹುಣ್ಣಿನ ಕಾರಣ ತಿಳಿಯಿತು. ಮುದುಕಿ ಸದಾ ಗೋಡೆಯ ಕಡೆ ಮುಖ ಮಾಡಿ ಬಲ ಮಗ್ಗುಲಲ್ಲೇ ಮಲಗುತ್ತಿದ್ದಳು. ಬಾಗಿಲ ಕಡೆ ಹೊರಳಿಸಲು ಹೋದರೆ ಸರಿಯಿದ್ದ ಬಲಗೈಯಿಂದ ಮಂಚದ ಪಟ್ಟಿ ಹಿಡಿದು ಕೂಗುತ್ತಿದ್ದಳು. ಮಲಗಿದ ಮುದುಕರನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಯಾವ ಮುಲಾಮೂ ಕೆಲಸ ಮಾಡುವುದಿಲ್ಲ. ಹುಣ್ಣು ತೊಳೆಯಲಾದರೂ ಅವಳನ್ನು ಹೊರಳಿಸಲೇಬೇಕಿತ್ತು. ಹೊರಳಿಸಿದಾಗ ಅವಳು ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಳ್ಳುತ್ತಿದ್ದಳು. ನಾಚಿಕೆ ಇರಬೇಕು ಎಂದುಕೊಂಡೆ.

ದಿನದ ಕೆಲಸ ಹೀಗಿತ್ತು. ಬೆಳಿಗ್ಗೆ ಎದ್ದ ಕೂಡಲೇ ಹಂಡೆಯ ನೀರು ಕುದಿಸಿ, ಮುಚ್ಚಿಡುವುದು. ಹಳೆಯ ಸೀರೆಯ ತುಂಡುಗಳನ್ನು ಬೇರೆ ಪಾತ್ರೆಯಲ್ಲಿ ಕುದಿಸಿ ಬಿಸಿಲಿಗೆ ಹಾಕುವುದು. ಆಯಿಯನ್ನು ದಿಂಬಿಗೆ ಒರಗಿಸಿ ಕೂರಿಸಿ, ಬಾಯಿಯ ಬಲಬದಿಗೆ ಚಮಚೆಯಿಂದ ತೆಳು ಅಂಬಲಿ ಹಾಕುವುದು. ಮಲಗಿಸಿಕೊಂಡು ಕುಡಿಸಿದರೆ ಉಸಿರಿಗೆ ಹತ್ತುತ್ತದೆ. ಮೈ ಒರೆಸಿ ಬೆನ್ನಿಗೆ ಬೇವಿನೆಣ್ಣೆ ತಿಕ್ಕುವುದು, ಹಿಮ್ಮಡಿಯ ಕೆಳಗೆ ಅರಳೆಯ ಸಿಂಬೆ ಇಡುವುದು, ಹಾಸಿಗೆಯ ಒಂದು ಮಡಿಕೆಯೂ ಮೈಗೆ ಒತ್ತದಂತೆ ಎಳೆದು ಬಿಗಿ ಮಾಡುವುದು. ಎಡ ಮಗ್ಗುಲಾಗಿ ಹೊರಳಿಸಿದಾಗ ಸತ್ತ ಎಡಗೈ ಮೈಯ ಕೆಳಗೆ ಸಿಕ್ಕಿಕೊಳ್ಳದಂತೆ ಮುಂದಕ್ಕೆ ಎಳೆದು ಒಂದು ದಿಂಬಿನ ಮೇಲೆ ಚಾಚಿ ಇಡುವುದು. ಆ ದಿಂಬನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಇನ್ನು ಕೈ ತೊಳೆಯುವ ಮಾತು. ಕೀವು ಮುಟ್ಟಿದ ಕೈಯಿಂದ ನೀರಿನ ಪಾತ್ರೆ ಮುಟ್ಟಬಾರದು, ಇನ್ನೊಬ್ಬರು ಹಾಕಬೇಕು ಎಂದು ನಮಗೆ ಕಲಿಸಿದ್ದರು. ಆ ಮನೆಯಲ್ಲಿ ಅದು ತಾನಾಗಿಯೇ ನಡೆಯಿತು, ಏಕೆಂದರೆ ಹಿತ್ತಲಿನ ಹಂಡೆ ಬಿಟ್ಟರೆ ಅವರ ಬೇರೆ ಪಾತ್ರೆಯನ್ನು ನಾನು ಹೇಗೂ ಮುಟ್ಟುವಂತಿರಲಿಲ್ಲ. ನನಗೆಂದು ಒಂದು ಬಿಳಿ ಎನಾಮೆಲ್ ಮಗ್ ಬೇರೆ ತೆಗೆದಿಟ್ಟಿದ್ದರು. ಶಾಂತವ್ವ ಕಲ್ಲಿನ ಹತ್ತಿರ ನಿಂತು ಅದರಿಂದಲೇ ಎತ್ತರದಿಂದ ನೀರು ಬಿಡುತ್ತಿದ್ದಳು. ಚಿಕ್ಕವಳಿದ್ದಾಗ ಅಂಕಲಗಿಯ ಬಾವಿಕಟ್ಟೆಯ ಕೆಳಗೆ ಬೊಗಸೆ ಒಡ್ಡಿ ನಿಂತವಳು ನಾನು. ನೀರು ಎಷ್ಟು ಎತ್ತರದಿಂದ ಬೀಳುತ್ತದೆ ಎಂಬುದರ ಮೇಲೆ ಹಾಕುವವರ ಮನಸ್ಸು ನಮಗೆ ತಿಳಿಯುತ್ತಿತ್ತು. ಶಾಂತವ್ವನದು ನಡುವಿನ ಎತ್ತರ. ಅವಳಿಗೆ ನನ್ನ ಮೇಲೆ ಸಿಟ್ಟೂ ಇರಲಿಲ್ಲ, ಧೈರ್ಯವೂ ಇರಲಿಲ್ಲ.

ಆಯಿಗೆ ಮಾತ್ರ ನಾನು ಕೈ ತೊಳೆಯುವುದು ಹಿಡಿಸಲಿಲ್ಲ. ಒಂದು ದಿನ ಕಲ್ಲಿನಿಂದ ಒಳಗೆ ಬಂದ ಕೂಡಲೇ ಓರೆಬಾಯಿಯಲ್ಲಿ ಕೇಳಿದಳು:

"ಏ ಬಾಯಿ, ನನ್ನ ಮುಟ್ಟಿದ್ದಕ್ಕ ಕೈ ತೊಳಕೊಳ್ಳಾಕತ್ತಿ ಏನ? ನೀ?"

ಆ ಕೊನೆಯ 'ನೀ'ಯಲ್ಲಿ ಎಲ್ಲವೂ ಇತ್ತು. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು.

"ಹೌದ್ರಿ ಆಯಿ. ಕಾಲ ಹೊಳ್ಳೇತಿ ನೋಡ್ರಿ."

ಅವಳೂ ನಕ್ಕುಬಿಟ್ಟಳು. ಅರ್ಧ ಬಾಯಿಯ ನಗು. "ನಮ್ಮಾಗ ಸೂತಕ ಇಲ್ಲ. ಬಸವಣ್ಣ ತಗದ ಒಗದಾನ. ತಿಳೀತಿಲ್ಲೋ?"

"ಇದು ಸೂತಕ ಅಲ್ರಿ. ನಿಮ್ಮ ಹುಣ್ಣಿನ ಕೀವಿನ್ಯಾಗ ಕಣ್ಣಿಗಿ ಕಾಣದ ಹುಳ ಇರ್ತಾವು. ನಿಮ್ಮ ಮುಟ್ಟೂ ಮೊದಲೂ ತೊಳಕೋತೀನಿ, ಮುಟ್ಟಿದ ಮ್ಯಾಲೂ ತೊಳಕೋತೀನಿ."

"ಮೊದಲಿಂದು ಯಾರ ಸಲವಾಗಿ?"

"ನಿಮ್ಮ ಸಲವಾಗಿ."

"ಹಿಂದಿಂದು?"

"ಶಾಂತಕ್ಕನ ಸಲವಾಗಿ. ಆಕಿ ಹೊಟ್ಟ್ಯಾಗಿನ ಕೂಸಿನ ಸಲವಾಗಿ. ಹೆರಿಗ್ಯಾಗ ಇಂಥಾ ಕೈ ಹತ್ತಿದ್ರ ತಾಯಿಗೂ ತ್ರಾಸು, ಕೂಸಿಗೂ ತ್ರಾಸು."

ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿದಳು. ಆ ದಿನ ಅಂಬಲಿಯನ್ನೂ ಕುಡಿಯಲಿಲ್ಲ.

ಶಾಂತವ್ವನ ಮೊದಲ ಮಗು ಉಳಿದಿರಲಿಲ್ಲ ಎಂಬುದನ್ನು ನಾನು ಅವಳಿಂದಲೇ ಕೇಳಿದೆ. ಅವಳಿಗೆ ತವರಲ್ಲಿ ತಾಯಿ ಇರಲಿಲ್ಲ. ಹೀಗಾಗಿ ಮೊದಲ ಹೆರಿಗೆಯೂ ಇಲ್ಲೇ, ಅತ್ತೆಯ ಕೈಯಲ್ಲೇ ಆಯಿತು. ಆಗ ಆಯಿ ಗಟ್ಟಿಮುಟ್ಟಾಗಿದ್ದಳು. ಊರಿನ ಎಷ್ಟೋ ಹೆರಿಗೆಗಳನ್ನು ಮಾಡಿಸಿದ ಕೈ ಅದು. ಗಂಡುಮಗು, ಚೆನ್ನಾಗಿಯೇ ಹುಟ್ಟಿತು. ವಾರ ತುಂಬುವುದರೊಳಗೆ ಮೊಲೆ ಹಿಡಿಯುವುದನ್ನು ಬಿಟ್ಟಿತು. ಬಾಯಿ ಬಿಗಿದು, ಮೈ ಬಿಲ್ಲಿನಂತೆ ಸೆಟೆದು ಹೋಯಿತು. ಬದುವಿನ ಬೇವಿನ ಬುಡದಲ್ಲಿ ಇಟ್ಟರು. ಹಿಂದಿನ ಬಾಗಿಲು ತೆರೆದರೆ ಆ ಬೇವು ನೇರವಾಗಿ ಕಾಣುತ್ತದೆ ಎಂಬುದು ಆಗ ನನಗೆ ಹೊಳೆಯಿತು.

ಕೆಲವು ದಿನಗಳ ನಂತರ, ನಾನು ಒಣಗಿದ ಬಟ್ಟೆ ಮಡಿಸುತ್ತ ಕುಳಿತಿದ್ದಾಗ ಆಯಿ ಗೋಡೆಗೆ ಹೇಳಿದಂತೆ ಹೇಳಿದಳು.

"ಆವತ್ತ ಎಮ್ಮಿ ಕರಾ ಹಾಕಿತ್ತು. ನಾನ ಎಳದ ತಗದಿದ್ನಿ. ಒಳಗ ಇಕಿ ಒದರಾಕತ್ಲು. ಸೆರಗಿಗಿ ಕೈ ಒರಸ್ಕೊಂಡ ಓಡಿದ್ನಿ."

ನಾನು ಮಡಿಸುವುದನ್ನು ನಿಲ್ಲಿಸಲಿಲ್ಲ.

"ಕೈಗಿ ನೀರ ಹಾಕಾಕ ಯಾರೂ ಇರಲಿಲ್ಲವಾ" ಎಂದಳು. "ಹಂಗಾರ ಅದು ನನ್ನ ಕೈಯಾಗ ಹೋತೇನ?"

ಕೊಟ್ಟಿಗೆಯ ಮಣ್ಣಿನಿಂದ, ಸಗಣಿಯಿಂದ ಹೊಕ್ಕಳಿಗೆ ಹತ್ತುವ ಆ ರೋಗ ನನಗೆ ಗೊತ್ತಿತ್ತು. ಆದರೆ ಮಲಗಿದ ಮುದುಕಿಗೆ ಅದನ್ನು ಹೇಳಿ ಯಾರಿಗೆ ಏನಾಗಬೇಕಿತ್ತು? "ಆಗಿನ ಕಾಲ ಹಂಗಿತ್ರಿ ಆಯಿ" ಎಂದೆ. ಅವಳು ಅದನ್ನು ಉತ್ತರವೆಂದು ಒಪ್ಪಿದಂತೆ ಕಾಣಲಿಲ್ಲ. ಅಂದಿನಿಂದ ನಾನು ಕಲ್ಲಿನ ಹತ್ತಿರ ಹೋದಾಗಲೆಲ್ಲ ಅವಳು ನೀರಿನ ಸಪ್ಪಳ ಕೇಳುತ್ತಿದ್ದಳು. ಬೇಗ ಬಂದರೆ, "ಸಾಕಾತೇನ? ಮತ್ತೊಮ್ಮಿ ತೊಳಕೋ ಹೋಗು" ಎಂದು ಗದರಿಸುತ್ತಿದ್ದಳು.

ಗಾಣದ ದಿನಗಳು ಬಂದವು. ಬಾಗೇವಾಡಿಯ ತುಂಬ ಕಾಯುವ ಕಬ್ಬಿನ ಹಾಲಿನ ವಾಸನೆ. ಮಲ್ಲಪ್ಪನವರೂ ಆಳುಗಳೂ ನಸುಕಿನಲ್ಲೇ ಹೊಲಕ್ಕೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಶಾಂತವ್ವನಿಗೆ ದಿನ ಇನ್ನೂ ಇದೆ ಎಂದು ಎಲ್ಲರೂ ನಂಬಿದ್ದರು, ನಾನೂ ಸಹ. ಆದರೂ ಅವಳ ಕೋಣೆಯಲ್ಲಿ ಒಂದು ಗಂಟು ಕಟ್ಟಿ ಇಟ್ಟಿದ್ದೆ. ಕುದಿಸಿದ ದಾರ, ಕುದಿಸಿದ ಕತ್ತರಿ, ಬಿಸಿಲು ಕಂಡ ಬಟ್ಟೆ. ಆಯಿಯ ಹುಣ್ಣಿಗೆ ಬಳಸುವ ಸಾಮಾನು ಬೇರೆ, ಇದು ಬೇರೆ. ಒಂದರ ಹತ್ತಿರ ಒಂದನ್ನು ಬರಗೊಡುತ್ತಿರಲಿಲ್ಲ.

ಆ ಮಧ್ಯಾಹ್ನ ಮನೆಯಲ್ಲಿ ನಾವು ಮೂವರೇ. ಹುಣ್ಣು ಎರಡು ದಿನದಿಂದ ಕೆಟ್ಟಿತ್ತು. ಒಳಗೆ ಕೀವು ಕಟ್ಟಿತ್ತು. ಆಯಿಯನ್ನು ಬಾಗಿಲ ಕಡೆ ಹೊರಳಿಸಿ, ಎಡಗೈಯನ್ನು ದಿಂಬಿನ ಮೇಲೆ ಚಾಚಿಟ್ಟು ಕೆಲಸಕ್ಕೆ ಕೂತೆ. ಎನಾಮೆಲ್ ಮಗ್‌ನಲ್ಲಿ ಹುಣ್ಣು ತೊಳೆಯುವ ಕೆಂಪು ಔಷಧಿಯ ನೀರು ಕಲಸಿಕೊಂಡಿದ್ದೆ. ಅವತ್ತು ಅವಳು ಕಣ್ಣಿನ ಮೇಲೆ ಸೆರಗು ಎಳೆದುಕೊಳ್ಳಲಿಲ್ಲ. ಕೀವು ತೆಗೆದು, ಹುಣ್ಣು ತೊಳೆದು, ಬಟ್ಟೆ ಕಟ್ಟಿದೆ. ನೋವಿಗೆ ಅವಳು ಮುಲುಗಲೂ ಇಲ್ಲ. ಮುಗಿದ ಮೇಲೆ ಬೆನ್ನಿನ ಹಿಂದೆ ದಿಂಬು ಒತ್ತುವಾಗ ಹೇಳಿದಳು: "ಹಿಂಗ ಇರಲಿ. ಇವತ್ತ ಈ ಕಡೆ ನೋಡತೀನಿ."

ನನಗೆ ಬಲು ಸಂತೋಷವಾಯಿತು. ಹೀಗೆ ಮಲಗಿದರೆ ಹುಣ್ಣು ಆರುತ್ತದೆ ಎಂದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ಶಾಂತವ್ವ ಕೂಗಿದಳು. ಹೆರಿಗೆ ಮಾಡಿಸಿದವರಿಗೆ ಆ ಕೂಗು ಎರಡನೇ ಸಲ ಕೇಳಬೇಕಿಲ್ಲ.

ಎದ್ದು ಹಿತ್ತಲಿಗೆ ಓಡಿದೆ. ಎರಡೂ ಕೈಗಳಿಗೆ ಮಣಿಕಟ್ಟಿನ ತನಕ ಕೀವು. ಸಾಬೂನು ಕಲ್ಲಿನ ಮೇಲಿತ್ತು. ಹಂಡೆಯಲ್ಲಿ ನೀರಿತ್ತು, ಮೇಲೆ ಮುಚ್ಚಳ. ಹಾಕುವವರು ಇರಲಿಲ್ಲ. ಆ ಕೈಯನ್ನು ಹಂಡೆಗೆ ಅದ್ದಿದರೆ ಹೆರಿಗೆಗೆ ಬೇಕಾದ ನೀರೆಲ್ಲ ಕೆಡುತ್ತದೆ. ಮಗ್ ಕೋಣೆಯಲ್ಲಿ ಹುಣ್ಣಿನ ನೀರು ತುಂಬಿಕೊಂಡು ಕೂತಿದೆ. ಅಡಿಗೆಮನೆಗೆ ಹೋಗುವಂತಿಲ್ಲ. ಒಳಗೆ ಮತ್ತೊಂದು ಕೂಗು. ನಾನು ಕಲ್ಲಿನ ಮುಂದೆ ಬಗ್ಗಿ, ಏನು ಮಾಡುವುದೆಂದು ತೋಚದೆ, ಬರಿಗೈ ಚಾಚಿಕೊಂಡು ನಿಂತೆ. ಬಾವಿಕಟ್ಟೆಯ ಕೆಳಗೆ ನಿಲ್ಲುತ್ತಿದ್ದ ಹಾಗೆಯೇ.

ನೀರು ಬಿತ್ತು.

ಬೆಚ್ಚಗಿತ್ತು. ಕಾಸಿ ಆರಿಸಿದ ನೀರಿನ ಬೆಚ್ಚಗೆ. ಶಾಂತವ್ವನೇ ನೋವಿನಲ್ಲಿ ಎದ್ದು ಬಂದಳು ಎಂದುಕೊಂಡು, "ಯಾಕ ಎದ್ದ ಬಂದ್ರಿ ಅಕ್ಕಾ, ಬಿದ್ದ ಗಿದ್ದೀರಿ" ಎಂದೆ. ಉತ್ತರ ಬರಲಿಲ್ಲ. ಸಾಬೂನು ಹಚ್ಚಿ ಉಗುರಿನ ಸಂದಿ, ಬೆರಳ ಸಂದಿ ತಿಕ್ಕಿದೆ. "ಇನ್ನೊಂಚೂರ ಹಾಕ್ರಿ" ಎಂದೆ. ಮತ್ತೆ ಬಿತ್ತು. ಆಗ ಎರಡು ಸಂಗತಿಗಳು ನನ್ನ ಗಮನಕ್ಕೆ ಬಂದವು. ನೀರು ಎತ್ತರದಿಂದ ಬೀಳುತ್ತಿರಲಿಲ್ಲ. ಪಾತ್ರೆಯ ಕಂಠ ನನ್ನ ಮಣಿಕಟ್ಟಿಗೆ ತಾಗುತ್ತಿತ್ತು. ತಾಮ್ರದ ಕಂಠ. ಆ ಮನೆಯಲ್ಲಿ ಯಾರೂ ನನಗೆ ಹಾಗೆ ನೀರು ಹಾಕಿರಲಿಲ್ಲ. ಮನೆಯಲ್ಲೇನು, ನಮ್ಮ ಕೇರಿಯ ಹೊರಗೆ ಯಾರೂ ಹಾಕಿರಲಿಲ್ಲ. ಎರಡನೆಯದು, ಬೇವಿನೆಣ್ಣೆಯ ವಾಸನೆ. ಬೆಳಿಗ್ಗೆ ನಾನು ಆಯಿಯ ಬೆನ್ನಿಗೆ ತಿಕ್ಕಿದ್ದೆನಲ್ಲ, ಅದು.

ಆಗಲೇ ಒಳಗಿನ ಕೋಣೆಯಿಂದ ಶಾಂತವ್ವ ಕೂಗಿದಳು. ಒಳಗಿನ ಕೋಣೆಯಿಂದ.

ನನ್ನ ಬೆನ್ನಿನ ಹಿಂದೆ ಯಾರೋ ಕಷ್ಟಪಟ್ಟು ಉಸಿರಾಡುತ್ತಿದ್ದರು. ನೀರು ಇನ್ನೂ ಬೀಳುತ್ತಿತ್ತು. ನಾನು ಹೊರಳಿ ನೋಡಲಿಲ್ಲ. ಧೈರ್ಯ ಸಾಲದೆಯೋ, ಹೊತ್ತು ಇಲ್ಲದೆಯೋ, ಇವತ್ತಿಗೂ ಹೇಳಲಾರೆ. ತೊಳೆದ ಕೈ ಏನನ್ನೂ ಮುಟ್ಟದಂತೆ ಮೇಲೆತ್ತಿಕೊಂಡು, ಮೊಣಕೈಯಿಂದ ಪಡಸಾಲೆಯ ಬಾಗಿಲು ದೂಡಿ ಒಳಗೆ ಓಡಿದೆ.

ಹೆರಿಗೆ ಬೇಗ ಆಯಿತು. ನಾನು ಗಂಟು ಬಿಚ್ಚುವುದಕ್ಕೂ ಮಗುವಿನ ತಲೆ ಕಾಣುವುದಕ್ಕೂ ಸರಿಹೋಯಿತು. ಇನ್ನೊಂದಿಷ್ಟು ತಡವಾಗಿದ್ದರೆ ತೊಳೆಯದ ಕೈಯಲ್ಲೇ ಹಿಡಿಯಬೇಕಾಗುತ್ತಿತ್ತು. ಹೆಣ್ಣುಮಗು. ಕುದಿಸಿದ ದಾರ ಕಟ್ಟಿ, ಕುದಿಸಿದ ಕತ್ತರಿಯಿಂದ ಹೊಕ್ಕಳು ಕತ್ತರಿಸಿದೆ. ಬೂದಿ ಹಚ್ಚಲಿಲ್ಲ. ಮಗು ಚೆನ್ನಾಗಿ ಅತ್ತಿತು. ಶಾಂತವ್ವ ನನ್ನ ಕೈ ಹಿಡಿದುಕೊಂಡು ಅತ್ತಳು. ಅವಳು ಹಾಸಿಗೆ ಬಿಟ್ಟು ಎದ್ದಿರಲಿಲ್ಲ; ಕೇಳುವ ಅಗತ್ಯವೇ ಇರಲಿಲ್ಲ, ನೋಡಿದರೆ ತಿಳಿಯುತ್ತಿತ್ತು.

ತಾಯಿ ಮಗುವನ್ನು ಅಣಿ ಮಾಡಿ ಹಿತ್ತಲಿಗೆ ಬಂದಾಗ ಕಲ್ಲಿನ ಮೇಲೆ ತಾಮ್ರದ ತಂಬಿಗೆ ಇತ್ತು. ಅದನ್ನು ನಾನು ಪಡಸಾಲೆಯಲ್ಲಿ ನಿಂತು ದೂರದಿಂದ ನೋಡಿದ್ದೆ. ಅಡಿಗೆಮನೆಯ ದೇವರ ಮಾಡದಲ್ಲಿ ಇರುತ್ತಿತ್ತು. ಆಯಿ ತನ್ನ ಲಿಂಗಪೂಜೆಯ ನೀರಿಗೆ ಬಳಸುತ್ತಿದ್ದ ತಂಬಿಗೆ. ಸೊಸೆಯೂ ಕೈ ತೊಳೆದೇ ಮುಟ್ಟಬೇಕಾದದ್ದು.

ಆಯಿಯ ಕೋಣೆಗೆ ಹೋದೆ. ನಾನು ಹೇಗೆ ಮಲಗಿಸಿದ್ದೆನೋ ಹಾಗೆಯೇ ಇದ್ದಳು. ಬೆನ್ನಿಗೆ ಒತ್ತಿದ ದಿಂಬು ಸರಿದಿರಲಿಲ್ಲ, ಕಟ್ಟಿದ ಬಟ್ಟೆ ಸಡಿಲಾಗಿರಲಿಲ್ಲ, ಹಾಸಿಗೆಯಲ್ಲಿ ಒಂದು ಮಡಿಕೆ ಬಿದ್ದಿರಲಿಲ್ಲ. ಎಡಗೈ ದಿಂಬಿನ ಮೇಲೆ ಚಾಚಿತ್ತು. ಅದನ್ನು ಸರಿ ಮಾಡಲು ಮುಟ್ಟಿದೆ. ಬೆರಳಿನಿಂದ ಮೊಣಕೈ ತನಕ ಒದ್ದೆಯಾಗಿತ್ತು, ಆಗ ತಾನೇ ತೊಳೆದ ಹಾಗೆ. ಕೆಳಗಿನ ದಿಂಬನ್ನು ಒತ್ತಿ ನೋಡಿದೆ. ಒಣಗಿಯೇ ಇತ್ತು.

ಅವಳು ನನ್ನನ್ನು ನೋಡುತ್ತಿದ್ದಳು. "ಹೆಣ್ಣ ಕೂಸ್ರಿ ಆಯಿ" ಎಂದೆ.

"ಅತ್ತತೇನ?"

"ಜೋರ ಅತ್ತತ್ರಿ."

"ಕೈ ಚೊಲೋ ತೊಳದಿದ್ದೆಲ್ಲ?"

ತಲೆಯಾಡಿಸಿದೆ.

ದೀಪ ಹಚ್ಚುವ ಹೊತ್ತಿಗೆ ಮಲ್ಲಪ್ಪನವರು ಬಂದರು. ಕೈಕಾಲು ತೊಳೆಯಲು ಹಿತ್ತಲಿಗೆ ಹೋದವರಿಗೆ ಮೊದಲು ಕಂಡದ್ದು ತಂಬಿಗೆ. ನನಗೆ ಅದನ್ನು ಮುಟ್ಟುವ ಮನಸ್ಸಾಗದೆ ಅಲ್ಲೇ ಬಿಟ್ಟಿದ್ದೆ. ಅವರು ಒಳಗೆ ಬಂದಾಗ ಮುಖ ಬೇರೆಯಾಗಿತ್ತು.

"ಅಡಗಿ ಮನ್ಯಾಗ ಹೋಗಿದ್ದಿ?" ಬಾಯಾರ ಎನ್ನಲಿಲ್ಲ. "ಒಂದ ಮಾತ ಹೇಳಿದ್ನಿ ನಾ ನಿನಗ, ಒಂದ ಮಾತ."

ನಾನು ಏನು ಹೇಳಲಿ? ಹೋಗಿಲ್ಲ ಎಂದರೆ ತಂಬಿಗೆ ನಡೆದು ಬಂತೇ ಎನ್ನುತ್ತಾರೆ. ಯಾರೋ ನೀರು ಹಾಕಿದರು ಎಂದರೆ ಯಾರು ಎನ್ನುತ್ತಾರೆ. ಗೋಡೆಗೆ ಆತು ನಿಂತೆ. ಆ ಮಧ್ಯಾಹ್ನದ ಮಾತನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಶಾಂತವ್ವನಿಗೂ ಸಹ.

ಆಗ ಮಂಚದಿಂದ ಆಯಿ ಕೂಗಿದಳು. "ಏ ಮಲ್ಲ್ಯಾ! ಆಕಿನ್ಯಾಕ ಬೈತಿ? ತಂಬಗಿ ನಾ ಒಯ್ದೀನಿ."

"ನೀ? ನೀ ಹೆಂಗ ಒಯ್ತಿಯವ್ವಾ?"

"ನಾನ ಒಯ್ದೀನಿ, ನಾನ ಹಾಕೀನಿ. ಇನ್ನೊಂಚೂರ ಹಾಕ್ರಿ ಅಂದ್ಲು, ಹಾಕೀನಿ. ಮ್ಯಾಲಿಂದ ಹಾಕಿಲ್ಲ, ಸನೇಕ ಹಿಡದ ಹಾಕೀನಿ. ಕಂಠ ತಾಗಿದ್ರ ತಾಗಲಿ. ಇನ್ನಮ್ಯಾಲೆ ಅದು ಅಲ್ಲೇ ಕಲ್ಲಿನ ಮ್ಯಾಲ ಇರಲಿ."

ಮಲ್ಲಪ್ಪನವರು ನನ್ನ ಮುಖ ನೋಡಿದರು, ತಾಯಿಯ ಮುಖ ನೋಡಿದರು. ಆಮೇಲೆ ದನಿ ಇಳಿಸಿ, "ಆಯಿ ಬುದ್ಧಿ ಹಗರ ಆಗೇತ್ರಿ ಬಾಯಾರ. ನೀವ ಮನಸಿಗಿ ಹಚಗೋಬ್ಯಾಡ್ರಿ. ಹೊತ್ತ ಅಂಥಾದ್ದಿತ್ತು, ತಗೊಂಡೀರಿ, ಇರಲಿ ಬಿಡ್ರಿ" ಎಂದರು. ಬಾಯಲ್ಲಿ ಹಾಗೆಂದರೂ, ಮುದುಕಿ ನನ್ನನ್ನು ಉಳಿಸಲು ಸುಳ್ಳು ಹೇಳಿದಳು ಎಂದೇ ಅವರು ತಿಳಿದರು. ಮಗಳನ್ನು ನೋಡಲು ಒಳಗೆ ಹೋದರು. ನಾನು ಅಲ್ಲೇ ನಿಂತಿದ್ದೆ. 'ಇನ್ನೊಂಚೂರ ಹಾಕ್ರಿ' ಎಂಬುದು ನನ್ನ ಮಾತು. ಅದನ್ನು ಅವಳು ಮಂಚದಿಂದಲೇ ಕೇಳಿರಬಹುದು, ಬಾಗಿಲು ತೆರೆದಿತ್ತು, ಮುಖ ಆ ಕಡೆಗೇ ಇತ್ತು. ಒಪ್ಪೋಣ. ಆದರೆ ಆ ಮಾತನ್ನು ನಾನು ಹೇಳಿದ್ದು ಯಾರಿಗೆ?

ಶಾಂತವ್ವನ ಮೊದಲ ಮಗು ಹುಟ್ಟಿದ ಎಷ್ಟನೇ ದಿನಕ್ಕೆ ಹೋಗಿತ್ತೋ ಆ ದಿನಕ್ಕೆ ಈ ಮಗುವೂ ಬಂದು ಮುಟ್ಟಿದಾಗ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ನಾನು ಬೆರಳಿನಿಂದ ಮಗುವಿನ ತುಟಿ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಅದು ಪ್ರತಿ ಸಲವೂ ಬಾಯಿ ತೆರೆದು ಬೆರಳನ್ನೇ ಚೀಪಲು ನೋಡಿತು. ಆ ದಿನ ದಾಟಿತು, ಮರುದಿನವೂ ದಾಟಿತು. ಹೊಕ್ಕಳು ಒಣಗಿ ಬಿತ್ತು. ಆಗ ಆಯಿ ಮಗುವನ್ನು ನೋಡಬೇಕು ಎಂದಳು. ಶಾಂತವ್ವ ತರಲು ಹೊರಟಾಗ, "ತಡಿ" ಎಂದು ನನ್ನ ಕಡೆ ನೋಡಿದಳು. "ಮೊದಲ ನನ್ನ ಕೈ ತೊಳಿ."

ಬೋಗುಣಿ ತಂದು ಮಂಚದ ಪಕ್ಕದಲ್ಲಿಟ್ಟೆ. ಆ ತಾಮ್ರದ ತಂಬಿಗೆಯಿಂದಲೇ ನೀರು ಹಾಕಿದೆ. ನಾನು ಹಾಕಿದ್ದು, ಅವಳು ಒಡ್ಡಿದ್ದು. ಬಲಗೈ ತಾನೇ ಒಡ್ಡಿದಳು. ಎಡಗೈಯನ್ನು ನಾನು ಎತ್ತಿ ಹಿಡಿಯಬೇಕಾಯಿತು. ಹಸಿ ಮಣ್ಣಿನ ಮುದ್ದೆಯ ಹಾಗೆ ಭಾರ, ಹಿಡಿತ ಬಿಟ್ಟರೆ ಬಿದ್ದುಬಿಡುವಂಥದ್ದು. ಬೆರಳ ಸಂದಿ ತಿಕ್ಕುವಾಗ ಮನೆಯಲ್ಲಿ ಬೇರೆ ಯಾರೂ ಕೇಳಿಸಿಕೊಳ್ಳದಂತೆ ಕೇಳಿದೆ:

"ಆಯಿ, ಖರೆ ಹೇಳ್ರಿ. ಆವತ್ತ ನೀರ ಹಾಕಿದವ್ರು ಯಾರು?"

ಅವಳು ತೆರೆದ ಬಾಗಿಲಿನ ಆಚೆ, ಬೇವಿನ ಕಡೆ ನೋಡಿದಳು.

"ಹೊಳ್ಳಿ ನೋಡಿದ್ರ ನಿನಗ ಕಾಣಸ್ತಿತ್ತು" ಎಂದಳು. ಆಮೇಲೆ, "ನೋಡಲಿಲ್ಲ, ಚೊಲೋ ಮಾಡಿದಿ."

ಅದಕ್ಕಿಂತ ಹೆಚ್ಚು ಅವಳು ಎಂದೂ ಹೇಳಲಿಲ್ಲ. ನನಗೆ ಕೇಳುವ ಧೈರ್ಯವೂ ಮತ್ತೆ ಬರಲಿಲ್ಲ. ಮಗುವನ್ನು ಅವಳ ಬಲ ಮಗ್ಗುಲಿಗೆ ಮಲಗಿಸಿದೆವು. ಆ ನಂತರ ಅವಳು ಯಾವ ಕಡೆಗೆ ಹೊರಳಿಸಿದರೂ ಬೇಡ ಎನ್ನಲಿಲ್ಲ. ಹುಣ್ಣು ಆರಿತು. ಕಬ್ಬಿನ ಹಂಗಾಮು ಮುಗಿಯುವ ಮೊದಲು ಒಂದು ಬೆಳಿಗ್ಗೆ ಬಾಗಿಲ ಕಡೆ ಮುಖ ಮಾಡಿ, ಕಣ್ಣು ತೆರೆದೇ ಹೋಗಿದ್ದಳು. ಮೈ ತೊಳೆಯುವಾಗ ಮಲ್ಲಪ್ಪನವರು ನನ್ನನ್ನು ಕರೆದರು. ಅವಳ ಬೆನ್ನಿನ ಮೇಲೆ ಎಲ್ಲಿಯೂ ಒಂದು ಗಾಯ ಉಳಿದಿರಲಿಲ್ಲ.

ಇದಾಗಿ ಎಷ್ಟೋ ವರ್ಷಗಳಾದವು. ಹುಕ್ಕೇರಿ, ಗೋಕಾಕ, ಮೂಡಲಗಿಯ ಕಡೆ ಎಷ್ಟೋ ಮನೆಗಳಲ್ಲಿ ಮುದುಕರನ್ನು ನೋಡಿಕೊಂಡೆ, ಕೂಸುಗಳನ್ನು ಹಿಡಿದೆ. ತಿಳಿದವರಿಗೆ ಹೇಳಿದರೆ, ಗಾಬರಿಯಲ್ಲಿ ನಾನೇ ಅಡಿಗೆಮನೆಗೆ ಹೋಗಿ ತಂಬಿಗೆ ತಂದು ಮರೆತಿರಬೇಕು ಎನ್ನುತ್ತಾರೆ. ಇರಬಹುದು. ಆದರೆ ಕೀವಿನ ಕೈಯಲ್ಲಿ ನಾನು ತಂಬಿಗೆ ಮುಟ್ಟಿದ್ದರೆ ಅದರ ಮೇಲೆ ಗುರುತು ಇರಬೇಕಿತ್ತು, ಇರಲಿಲ್ಲ. ನೆರೆಮನೆಯ ಯಾರೋ ಬಂದು ಹಾಕಿ ಹೋಗಿರಬೇಕು ಎನ್ನುತ್ತಾರೆ. ಇರಬಹುದು. ಹಾಗಾದರೆ ಆ ಒಣಗಿದ ದಿಂಬಿನ ಮೇಲಿನ ಒದ್ದೆ ಕೈಗೆ ಏನು ಹೇಳುವುದು?

ಮೊದಮೊದಲು ಅದು ಚನ್ನವ್ವನೇ ಎಂದು ನಾನು ನಂಬಿದ್ದೆ. ಈಗ ವಯಸ್ಸಾಗುತ್ತ ಬಂದ ಹಾಗೆ ಇನ್ನೊಂದು ಯೋಚನೆ ಬರುತ್ತದೆ. ಚೊಲೋ ಮಾಡಿದಿ ಎಂದಳಲ್ಲ, ಅವಳೇ ಆಗಿದ್ದರೆ ನಾನು ನೋಡಬಾರದಂಥದ್ದು ಏನಿತ್ತು?

ಈಗ ನಾನಿರುವ ಮನೆಯಲ್ಲಿ ನಳ ಬಂದಿದೆ. ಕೈ ತೊಳೆಯಲು ಯಾರೂ ಬೇಕಿಲ್ಲ. ಆದರೂ ಕೆಲವು ಮನೆಗಳಲ್ಲಿ, ಹಿತ್ತಲಿನ ಕಲ್ಲಿನ ಹತ್ತಿರ ಬಗ್ಗಿ ಕೈ ಚಾಚಿದಾಗ ಹಿಂದಿನಿಂದ ಯಾರಾದರೂ ನೀರು ಹಾಕುತ್ತಾರೆ. ಅದು ಎತ್ತರದಿಂದ ಬಿದ್ದರೆ ನಾನು ಹೊರಳಿ ಅವರ ಮುಖ ನೋಡುತ್ತೇನೆ. ಪಾತ್ರೆಯ ಕಂಠ ಮಣಿಕಟ್ಟಿಗೆ ತಾಗಿದರೆ ಮಾತ್ರ ನೋಡುವುದಿಲ್ಲ. ತಲೆ ಬಗ್ಗಿಸಿಕೊಂಡು, ಬೆರಳ ಸಂದಿಯೆಲ್ಲ ಚೆನ್ನಾಗಿ ತಿಕ್ಕಿ ತೊಳೆದು, ಒಳಗೆ ಹೋಗುತ್ತೇನೆ.